ಟರ್ಬೋ ಪೆಟ್ರೋಲ್ ಇಂಜಿನ್ನನ್ನು ನಾಕಿಂಗ್‌ನಿಂದ ಕಾಪಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಟೇವಿಯಾ ವಿಆರ್‌ಎಸ್, ಪೋಲೋ ಜಿಟಿ ಟಿಎಸ್‌ಐ, ಐ20 ಎನ್ ಲೈನ್ ಥರದ ಟರ್ಬೋ (ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ, ಅದರಲ್ಲೂ ರೀಮ್ಯಾಪ್ (ಇಂಜಿನ್ ನಡೆಸುವ ಕಂಪ್ಯೂಟರ್‌ನ ಸೆಟ್ಟಿಂಗ್, ಅಂದರೆ ಮ್ಯಾಪ್, ಬದಲಾವಣೆ) ಮಾಡಿಸಿದವರಿಗೆ ಅಥವಾ ಮಾಡಿಸೋಣ ಅಂತ ಲೆಕ್ಕ ಹಾಕುತ್ತಿರುವವರಿಗೆ ಇದು. ಪೂರ್ತಿ ಓದಲು ಪುರುಸೊತ್ತಿಲ್ಲದವರು ಲಾಗ್ ಬಗ್ಗೆ ಇರುವ ಪ್ರಶ್ನೆಯನ್ನಾದರೂ ಓದಿ.

ನಾಕಿಂಗ್ ಆದಾಗ ಇಂಜಿನ್ ಒಳಗೆ ನಿಜವಾಗಿ ಆಗುವುದೇನು?

ಪ್ಲಗ್ ಕಿಡಿ ಹಾರಿಸಿದ ತಕ್ಷಣ ಇಡೀ ಸಿಲಿಂಡರ್ ಒಂದೇ ಸಲ ಹೊತ್ತಿಕೊಳ್ಳುವುದಿಲ್ಲ. ಬೆಂಕಿ ಪ್ಲಗ್ ಹತ್ತಿರ ಹುಟ್ಟಿ, ಸುತ್ತಲಿನ ಗೋಡೆಯ ಕಡೆಗೆ ಹರಡುತ್ತಾ ಹೋಗುತ್ತದೆ. ಎಲ್ಲ ಉರಿದು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸುಮಾರು 40ರಿಂದ 60 ಡಿಗ್ರಿ ತಿರುಗಿರುತ್ತದೆ. ಈ ಹೊತ್ತಿನಲ್ಲಿ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಗಾಳಿ–ಪೆಟ್ರೋಲ್ ಮಿಶ್ರಣಕ್ಕೆ ಎರಡು ಕಡೆಯಿಂದ ಪೆಟ್ಟು. ಕೆಳಗಿನಿಂದ ಪಿಸ್ಟನ್ ಒತ್ತಿರುತ್ತದೆ. ಪಕ್ಕದಿಂದ ಉರಿದು ಹಿಗ್ಗಿದ ಅನಿಲ ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಬೆಂಕಿ ಬಂದು ಮುಟ್ಟುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ ಅದೇ ನಾಕಿಂಗ್, ಕಟಕಟ ಶಬ್ದ ಅದರದ್ದೇ. ಪುಸ್ತಕಗಳಲ್ಲಿ ಇದನ್ನೇ ಡೆಟೊನೇಶನ್ ಅಂತ ಬರೆದಿರುತ್ತಾರೆ. ಹಳೇ ಮೆಕ್ಯಾನಿಕ್‌ಗಳು ಪಿಂಕಿಂಗ್ ಅನ್ನುತ್ತಾರೆ.

ಹಾಗಾಗಿ ನಾಕಿಂಗ್ ಅನ್ನೋದು ಒಂದು ಓಟದ ಪಂದ್ಯ. ಪ್ಲಗ್‌ನ ಬೆಂಕಿ ಮೊದಲು ತಲುಪಬೇಕು. ಮೂಲೆಯ ಮಿಶ್ರಣ ಅಲ್ಲಿಯವರೆಗೆ ತಡೆದುಕೊಂಡಿರಬೇಕು. ಈ ಪಂದ್ಯದ ಫಲಿತಾಂಶ ನಿರ್ಧರಿಸುವುದು ಮೂರೇ: ಬಿಸಿ ಎಷ್ಟು, ಒತ್ತಡ ಎಷ್ಟು, ಸಮಯ ಎಷ್ಟು. ಮುಂದೆ ಬರುವ ಎಲ್ಲ ಉಪಾಯಗಳೂ ಈ ಮೂರರಲ್ಲಿ ಒಂದನ್ನು ಇಳಿಸುತ್ತವೆ, ಇಲ್ಲವೇ ಮಿಶ್ರಣದ ತಾಳ್ಮೆಯನ್ನು ಹೆಚ್ಚಿಸುತ್ತವೆ.

ಸ್ವಲ್ಪ ಕಟಕಟ ಅಂದರೆ ಏನಂತೆ? ಅಷ್ಟಕ್ಕೇ ಇಂಜಿನ್ ಹಾಳಾಗುತ್ತಾ?

ಒಂದೆರಡು ಸಲ ಮೆಲ್ಲಗೆ ಆದರೆ ಏನೂ ಆಗುವುದಿಲ್ಲ. ಕಂಪನಿಗಳು ಇಂಜಿನ್ನನ್ನು ನಾಕಿಂಗ್ ಅಂಚಿನಲ್ಲೇ ಓಡಿಸುತ್ತವೆ, ಮೈಲೇಜ್ ಸಿಗುವುದೂ ಅಲ್ಲೇ. ತೊಂದರೆ ಇರುವುದು ಟರ್ಬೋ ಪೂರ್ತಿ ಒತ್ತಡದಲ್ಲಿರುವಾಗ, ಜೋರಾಗಿ, ಮತ್ತೆ ಮತ್ತೆ ಆಗುವ ನಾಕಿಂಗ್‌ನಲ್ಲಿ.

ಸಿಲಿಂಡರ್ ಒಳಗೆ ಉರಿಯುವ ಅನಿಲದ ಬಿಸಿ 2000 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಗೆ, ಪಿಸ್ಟನ್ ಮಾಡುವ ಮಿಶ್ರಲೋಹ ಇನ್ನೂ ಮೊದಲೇ ಮೆತ್ತಗಾಗುತ್ತದೆ. ಆದರೂ ಪಿಸ್ಟನ್ ಯಾಕೆ ಕರಗುವುದಿಲ್ಲ? ಅದರ ಮೇಲೆ ಅಲುಗಾಡದ ಅನಿಲದ ತೆಳು ಪದರ ಒಂದು ಅಂಟಿಕೊಂಡಿರುತ್ತದೆ. ಕೆಂಡದಂಥ ಕಾವಲಿ ಮೇಲೆ ಹಾಕಿದ ನೀರಿನ ಹನಿ ತನ್ನದೇ ಆವಿಯ ಮೇಲೆ ಕುಣಿಯುತ್ತಾ ಸ್ವಲ್ಪ ಹೊತ್ತು ಉಳಿಯುತ್ತದಲ್ಲ, ಹಾಗೆ ಆ ಪದರ ಲೋಹವನ್ನು ಕಾಯುತ್ತದೆ. ನಾಕಿಂಗ್ ಆದಾಗ ಸಿಲಿಂಡರ್ ಒಳಗೆ ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಆ ಅಲೆಗಳು ಪದರವನ್ನು ಕೆರೆದು ಹಾಕುತ್ತವೆ. ಆಗ ಬಿಸಿ ನೇರವಾಗಿ ಪಿಸ್ಟನ್‌ಗೆ ಇಳಿಯುತ್ತದೆ.

ಇನ್ನೊಂದು ಬಗೆಯ ಹಾನಿ ಬಡಿತದ್ದು. ಪಿಸ್ಟನ್‌ನಲ್ಲಿ ಎರಡು ರಿಂಗ್‌ಗಳ ನಡುವೆ ಇರುವ ಸಣ್ಣ ಪಟ್ಟಿಗೆ ರಿಂಗ್ ಲ್ಯಾಂಡ್ ಅನ್ನುತ್ತಾರೆ. ಎರಕದ ಪಿಸ್ಟನ್‌ನಲ್ಲಿ ಮೊದಲು ಮುರಿಯುವುದು ಸಾಮಾನ್ಯವಾಗಿ ಅದೇ. ಹೆಡ್ ಗ್ಯಾಸ್ಕೆಟ್ ಊದುವುದು, ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆಯುವುದು, ಪ್ಲಗ್‌ನ ಬಿಳಿ ಪಿಂಗಾಣಿ ಸೀಳುವುದು ಇವೂ ಉಂಟು.

ಪ್ರಿ-ಇಗ್ನಿಶನ್ ಅಂದರೂ ಇದೇನಾ?

ಅಲ್ಲ. ನಾಕಿಂಗ್ ಆಗುವುದು ಕಿಡಿ ಹಾರಿದ ಮೇಲೆ. ಪ್ರಿ-ಇಗ್ನಿಶನ್‌ನಲ್ಲಿ ಕಿಡಿಗೂ ಮೊದಲೇ ಯಾವುದೋ ಕೆಂಪಗೆ ಕಾದ ಜಾಗ ಬೆಂಕಿ ಹೊತ್ತಿಸುತ್ತದೆ. ಅದು ಪ್ಲಗ್‌ನ ತುದಿ ಇರಬಹುದು, ಕಾರ್ಬನ್ ಹೆಪ್ಪು ಇರಬಹುದು, ಎಕ್ಸಾಸ್ಟ್ ವಾಲ್ವ್‌ನ ಅಂಚು ಇರಬಹುದು. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಬೆಂಕಿ ಅದನ್ನು ಕೆಳಗೆ ತಳ್ಳಲು ನೋಡುತ್ತದೆ. ಇದು ನಾಕಿಂಗ್‌ಗಿಂತ ಕ್ರೂರ. ನಾಕಿಂಗ್ ತಿಂಗಳುಗಟ್ಟಲೆ ತಿನ್ನುವುದನ್ನು ಇದು ಕೆಲವೇ ಸೆಕೆಂಡಿನಲ್ಲಿ ತಿಂದುಬಿಡಬಹುದು. ಪಿಸ್ಟನ್ ನಡುವೆ ತೂತು ಬಿದ್ದಿದ್ದರೆ ಮೊದಲ ಅನುಮಾನ ಇದರ ಮೇಲೆ.

ಇವೆರಡೂ ಒಂದಕ್ಕೊಂದು ಎಣ್ಣೆ ಸುರಿಯುತ್ತವೆ ಅನ್ನೋದು ಕೆಟ್ಟ ಸುದ್ದಿ. ಬಿಡದೆ ನಾಕಿಂಗ್ ಆದರೆ ಪ್ಲಗ್ ಕಾಯುತ್ತದೆ. ಕಾದ ಪ್ಲಗ್ ಪ್ರಿ-ಇಗ್ನಿಶನ್ ತರುತ್ತದೆ.

ಈಗಿನ ಸಣ್ಣ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುವ) ಟರ್ಬೋಗಳಲ್ಲಿ ಇದರದ್ದೇ ಇನ್ನೊಂದು ರೂಪ ಇದೆ: ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಭಾರ ಹಾಕಿದಾಗ ಇದ್ದಕ್ಕಿದ್ದಂತೆ ಆಗುವ ಪ್ರಿ-ಇಗ್ನಿಶನ್. ಇದರಲ್ಲಿ ಇಂಜಿನ್ ಆಯಿಲ್‌ನ ಪಾತ್ರ ದೊಡ್ಡದು. ಆಯಿಲ್‌ಗೆ ಸೇರಿಸುವ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಜಾಸ್ತಿ ಇದ್ದರೆ ಈ ಕಾಟ ಹೆಚ್ಚುತ್ತದೆ ಅಂತ ಗೊತ್ತಾದ ಮೇಲೆ ಆಯಿಲ್‌ನ ಸೂತ್ರವನ್ನೇ ಬದಲಾಯಿಸಿದರು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ಆದ್ದರಿಂದ ಮ್ಯಾನ್ಯುಯಲ್‌ನಲ್ಲಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು, ಅಂಗಡಿಯವರು "ಇದೂ ಅದೇ ಸಾರ್" ಅಂದದ್ದನ್ನು ಹಾಕಿಸಬೇಡಿ.

ನನ್ನ ಕಾರಿನಲ್ಲಿ ಯಾವ ಶಬ್ದವೂ ಇಲ್ಲ. ಅಂದರೆ ನಾಕಿಂಗ್ ಇಲ್ಲ ಅಂತ ತಾನೇ?

ಅಲ್ಲ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈಗಿನ ಇಂಜಿನ್ ಬ್ಲಾಕ್‌ಗೆ ನಾಕ್ ಸೆನ್ಸರ್ ಅಂತ, ನಡುಕವನ್ನು ವಿದ್ಯುತ್ ಸಂಕೇತ ಮಾಡುವ ಒಂದು ಸಣ್ಣ ಪೀಜೋ ತುಂಡನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಸಿಲಿಂಡರ್ ಬೋರ್ 80ರಿಂದ 90 ಮಿಲಿಮೀಟರ್ ಇದ್ದರೆ ನಾಕಿಂಗ್‌ನ ಮೊಳಗು ಸುಮಾರು 6ರಿಂದ 7 ಕಿಲೋಹರ್ಟ್ಜ್‌ನಲ್ಲಿ ಬರುತ್ತದೆ. ಸೆನ್ಸರ್ ಅದನ್ನು ಹಿಡಿದು ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಹೇಳುತ್ತದೆ. ಇಸಿಯು ಆ ಸಿಲಿಂಡರಿನ ಟೈಮಿಂಗ್ (ಕಿಡಿ ಹಾರುವ ಗಳಿಗೆ, ಕ್ರ್ಯಾಂಕ್ ಡಿಗ್ರಿಯಲ್ಲಿ) ಅನ್ನು ಒಂದೆರಡು ಮೂರು ಡಿಗ್ರಿ ಹಿಂದಕ್ಕೆ ತಳ್ಳುತ್ತದೆ. ಆಮೇಲೆ ನಿಧಾನಕ್ಕೆ ಮತ್ತೆ ಮುಂದಕ್ಕೆ ತರುತ್ತದೆ. ಮತ್ತೆ ನಾಕ್ ಆದರೆ ಮತ್ತೆ ಹಿಂದಕ್ಕೆ. ಇದೆಲ್ಲ ನಿಮ್ಮ ಕಿವಿಗೆ ಬೀಳದೆ ನಡೆಯುತ್ತಿರುತ್ತದೆ. ಕಿಟಕಿ ಮುಚ್ಚಿ, ಎಸಿ ಹಾಕಿ, ಹಾಡು ಹಾಕಿಕೊಂಡು ಹೋಗುವವರಿಗೆ ಕೇಳಿಸುವುದು ದೂರದ ಮಾತು.

ಈ ಪದ್ಧತಿಯನ್ನು ಕಾರು ಓಡಿಸುವವರಿಗೆ ಪರಿಚಯ ಮಾಡಿಸಿದ್ದರಲ್ಲಿ ಸ್ವೀಡನ್ನಿನ ಸಾಬ್ ಕಂಪನಿಯ ಪಾಲು ದೊಡ್ಡದು. 1982ರ ಮಾಡೆಲ್‌ನ ಸಾಬ್ 900 ಟರ್ಬೋದಲ್ಲಿ ಎಪಿಸಿ ಅನ್ನೋ ವ್ಯವಸ್ಥೆ ಬಂತು. ನಾಕ್ ಆಯಿತೆಂದರೆ ಟರ್ಬೋ ಒತ್ತಡವನ್ನೇ ಇಳಿಸುವುದು ಅದರ ಕೆಲಸ. ಬೇರೆ ಬೇರೆ ಆಕ್ಟೇನ್‌ನ ಪೆಟ್ರೋಲ್ ಹಾಕಿದರೂ ಇಂಜಿನ್ ಬದುಕುತ್ತಿತ್ತು.

ಆದರೆ ಈ ಸೆನ್ಸರ್ ಒಂದು ಜಾಮೀನು ಮಾತ್ರ. ಅದು ನಾಕ್ ಆದ ಮೇಲೆ ತಿಳಿಯುತ್ತದೆ, ಮೊದಲೇ ಅಲ್ಲ. ಮೊದಲ ಪೆಟ್ಟು ಪಿಸ್ಟನ್‌ಗೆ ಬಿದ್ದೇ ಇರುತ್ತದೆ. ಕೆಲವು ಟ್ಯೂನರ್‌ಗಳು (ರೀಮ್ಯಾಪ್ ಮಾಡುವವರು) "ನಾಕ್ ಆದರೆ ಇಸಿಯು ನೋಡಿಕೊಳ್ಳುತ್ತೆ ಬಿಡಿ" ಅಂತ ಅಂಚು ದಾಟಿದ ಮ್ಯಾಪ್ ಹಾಕಿ ಕಳಿಸುತ್ತಾರೆ. ಅಂಥ ಕಡೆಯಿಂದ ಕಾರು ವಾಪಸ್ ತನ್ನಿ.

ಹಾಗಾದರೆ ಗೊತ್ತಾಗುವುದು ಹೇಗೆ? ಲಾಗ್ ಅಂದರೇನು?

ಒಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್‌ನ ಅಂಕಿ ಓದುವ ಸಾಕೆಟ್) ಒಳ್ಳೆಯ ಅಡಾಪ್ಟರ್ ಸಿಕ್ಕಿಸಿ, ನಿಮ್ಮ ಕಾರಿನ ಕಂಪನಿಗೆ ಹೊಂದುವ ಆ್ಯಪ್‌ನಲ್ಲಿ ಇಂಜಿನ್ ಅಂಕಿಗಳನ್ನು ದಾಖಲಿಸಿಕೊಳ್ಳುವುದೇ ಲಾಗ್. ಸಾಮಾನ್ಯ ಒಬಿಡಿ ಆ್ಯಪ್‌ಗಳು ನಾಕ್ ಅಂಕಿಯನ್ನು ತೋರಿಸುವುದಿಲ್ಲ, ಇದನ್ನು ನೋಡಿಯೇ ಕೊಳ್ಳಿ. ಬೇಕಾದದ್ದು ಇಷ್ಟು: ಆರ್‌ಪಿಎಂ, ಇಗ್ನಿಶನ್ ಟೈಮಿಂಗ್, ಪ್ರತಿ ಸಿಲಿಂಡರ್‌ನ ನಾಕ್ ರಿಟಾರ್ಡ್ (ನಾಕ್ ಆಯಿತೆಂದು ಟೈಮಿಂಗ್ ಹಿಂದಕ್ಕೆ ತಳ್ಳಿದ ಡಿಗ್ರಿ), ಒಳಬರುವ ಗಾಳಿಯ ಬಿಸಿ, ಲ್ಯಾಂಬ್ಡಾ (ಗಾಳಿ–ಪೆಟ್ರೋಲ್ ಪ್ರಮಾಣ; 1ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಜಾಸ್ತಿ), ಕೇಳಿದ ಬೂಸ್ಟ್ (ಟರ್ಬೋ ಒತ್ತಡ) ಮತ್ತು ಸಿಕ್ಕ ಬೂಸ್ಟ್, ಡೈರೆಕ್ಟ್ ಇಂಜೆಕ್ಷನ್ ಆದರೆ ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಪೆಟ್ರೋಲ್‌ನ ಒತ್ತಡ). ತುಂಬಾ ಜಾಸ್ತಿ ಸೇರಿಸಬೇಡಿ. ಸೇರಿಸಿದಷ್ಟೂ ದಾಖಲೆಯ ವೇಗ ಕಡಿಮೆಯಾಗುತ್ತದೆ.

ಮೂರನೇ ಗೇರ್‌ನಲ್ಲಿ 2000 ಆರ್‌ಪಿಎಂನಿಂದ ರೆಡ್‌ಲೈನ್ ಹತ್ತಿರದವರೆಗೆ ಪೂರ್ತಿ ಥ್ರಾಟಲ್. ಇದನ್ನು ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿಸುವುದೇ ಸರಿ. ಊರ ಹೊರಗಿನ ರಿಂಗ್ ರೋಡಿನಲ್ಲಿ ಮಾಡಲು ಹೋಗಿ ಯಾರಿಗಾದರೂ ಗುದ್ದಿದರೆ ಪಿಸ್ಟನ್ ಉಳಿದೇನು ಪ್ರಯೋಜನ?

ಓದುವುದು ಹೇಗೆ? ಅಲ್ಲೊಂದು ಇಲ್ಲೊಂದು ಸಿಲಿಂಡರ್‌ನಲ್ಲಿ ಒಂದೆರಡು ಡಿಗ್ರಿ ರಿಟಾರ್ಡ್ ಕಂಡು ಮಾಯವಾದರೆ ಚಿಂತೆ ಬೇಡ. ಎಲ್ಲ ಸಿಲಿಂಡರ್‌ಗಳಲ್ಲೂ ಒಟ್ಟಿಗೆ ಐದಾರು ಡಿಗ್ರಿ ನಿಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಮ್ಯಾಪ್ ಅತಿಯಾಗಿದೆ. ಒಂದೇ ಸಿಲಿಂಡರ್ ಪ್ರತಿ ಸಲ ರಿಟಾರ್ಡ್ ತೋರಿಸುತ್ತಿದ್ದರೆ ಆ ಸಿಲಿಂಡರ್‌ನ ಪ್ಲಗ್, ಇಂಜೆಕ್ಟರ್, ಕಾರ್ಬನ್ ನೋಡಬೇಕು. ಮೊದಲ ಓಟದಲ್ಲಿ ಸರಿ ಇದ್ದು ಮೂರನೆಯದರಲ್ಲಿ ಕೆಟ್ಟರೆ, ಪಕ್ಕದ ಸಾಲಿನಲ್ಲಿ ಗಾಳಿಯ ಬಿಸಿ ಏರಿರುವುದು ಕಾಣುತ್ತದೆ, ಅಲ್ಲಿ ತಪ್ಪು ಇಂಟರ್‌ಕೂಲರ್‌ನದು (ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ). ಪ್ರತಿ ಸಲ ಒಂದೇ ಆರ್‌ಪಿಎಂನಲ್ಲಿ ಬಂದರೆ ಮ್ಯಾಪ್‌ನ ಆ ಭಾಗ ತಿದ್ದಬೇಕು.

ಸುಳ್ಳು ನಾಕ್ ಕೂಡ ಇರುತ್ತದೆ. ಸಡಿಲವಾದ ಹೀಟ್ ಶೀಲ್ಡ್, ಬಾಡಿಗೆ ತಾಗುವ ಡೌನ್‌ಪೈಪ್, ಗಟ್ಟಿ ಇಂಜಿನ್ ಮೌಂಟ್ ಇವೆಲ್ಲ ಸೆನ್ಸರ್‌ಗೆ ಮೋಸ ಮಾಡುತ್ತವೆ. ಅನುಮಾನ ಇದ್ದರೆ ಟ್ಯೂನರ್‌ಗಳು ಬ್ಲಾಕ್‌ಗೆ ಮೈಕ್ ಹಚ್ಚಿ ಹೆಡ್‌ಫೋನ್‌ನಲ್ಲಿ ಕೇಳುತ್ತಾರೆ. ಪಳಗಿದ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಯಾವ ಪೆಟ್ರೋಲ್ ಹಾಕಿಸಬೇಕು?

ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಲ್ಲ. ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆ. ಐಸೋ-ಆಕ್ಟೇನ್‌ಗೆ 100, ನಾರ್ಮಲ್ ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಈ ಮಾಪನ ಕೊಟ್ಟರು. ನಮ್ಮ ಬಂಕ್‌ಗಳಲ್ಲಿ ಹೇಳುವುದು ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಅಂಕಿ. ಅದನ್ನು ಕಂಪ್ರೆಶನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು) ಬದಲಾಯಿಸಬಹುದಾದ ಒಂದು ವಿಶೇಷ ಇಂಜಿನ್‌ನಲ್ಲಿ 600 ಆರ್‌ಪಿಎಂನಲ್ಲಿ ಅಳೆಯುತ್ತಾರೆ. 900 ಆರ್‌ಪಿಎಂನಲ್ಲಿ, ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಿ ಅಳೆದರೆ ಅದು ಎಂಒಎನ್ (ಮೋಟಾರ್ ಆಕ್ಟೇನ್ ನಂಬರ್), ಅಂಕಿ ಕಡಿಮೆ ಬರುತ್ತದೆ.

ಬಿಎಸ್ 6 ಬಂದಾಗ ಸಾದಾ ಪೆಟ್ರೋಲ್‌ಗೆ ಕನಿಷ್ಠ 91 ಆರ್‌ಒಎನ್ ಇತ್ತು. ಇದರ ಮೇಲೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಎಕ್ಸ್‌ಪಿ100, ಹಿಂದುಸ್ತಾನ್ ಪೆಟ್ರೋಲಿಯಂನ ಪವರ್ 95, ಭಾರತ್ ಪೆಟ್ರೋಲಿಯಂನ ಸ್ಪೀಡ್ 97 ಥರದವು ಇವೆ. ಎಕ್ಸ್‌ಪಿ100 ಬಂದದ್ದು 2020ರ ಡಿಸೆಂಬರ್‌ನಲ್ಲಿ.

ಕಾರಿನ ಫ್ಯೂಯಲ್ ಮುಚ್ಚಳದ ಒಳಗೆ 91 ಅಂತ ಬರೆದಿದ್ದು, ಕಾರು ಸ್ಟಾಕ್ (ಕಂಪನಿ ಕೊಟ್ಟ ಹಾಗೇ) ಇದ್ದರೆ, 100 ಹಾಕಿಸುವುದು ದುಡ್ಡು ಸುಟ್ಟಂತೆ. 95 ಅಂತ ಬರೆದಿದ್ದರೆ 95 ಹಾಕಿಸಿ. ರೀಮ್ಯಾಪ್ ಆಗಿದ್ದರೆ ಮ್ಯಾಪ್ ಯಾವ ಪೆಟ್ರೋಲ್‌ಗೆ ಬರೆದದ್ದೋ ಅದು, ಅದಕ್ಕಿಂತ ಕಮ್ಮಿ ಬೇಡವೇ ಬೇಡ. ಇಲ್ಲಿ ನನ್ನ ಸಲಹೆ ಸ್ವಲ್ಪ ಜಿಪುಣತನದ್ದು. ನೀವು ಬೆಂಗಳೂರು ಬಿಟ್ಟು ಹೋದಾಗ ಸಿಗುವ ಅತಿ ಕೆಟ್ಟ ಪೆಟ್ರೋಲ್ ಯಾವುದೋ, ಅದಕ್ಕೆ ಮ್ಯಾಪ್ ಬರೆಸಿ. ಎಕ್ಸ್‌ಪಿ100ಗೆ ಬರೆಸಿಕೊಂಡು ಯಾದಗಿರಿಯ ಬಂಕ್‌ನಲ್ಲಿ ನಿಂತಾಗ ಏನು ಮಾಡುತ್ತೀರಿ? ಹತ್ತು ಕುದುರೆ ಶಕ್ತಿ ಕಮ್ಮಿಯಾದರೂ ಊರೂರು ತಿರುಗುವ ಧೈರ್ಯ ಇರುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಪಂಪ್ ಮೇಲಿನ ಅಂಕಿ ಆರ್‌ಒಎನ್ ಮತ್ತು ಎಂಒಎನ್‌ಗಳ ಸರಾಸರಿ. ಅಲ್ಲಿನ 87 ನಮ್ಮ 91ರ ಹತ್ತಿರ, ಅಲ್ಲಿನ 91 ನಮ್ಮ 95ರ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ ಪ್ರೀಮಿಯಂ ಅಂದರೆ ಸಾಮಾನ್ಯವಾಗಿ 91, ಬೇರೆ ಹಲವು ರಾಜ್ಯಗಳಲ್ಲಿ 93. ಹಾಗಾಗಿ 93ರ ಮ್ಯಾಪ್ ಹಾಕಿಕೊಂಡು ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಮನೆ ಬದಲಾಯಿಸಿದವರು ಮೊದಲು ಮ್ಯಾಪ್ ಬದಲಾಯಿಸಿ.

ಇ20 ಪೆಟ್ರೋಲ್‌ನಿಂದ ನಾಕಿಂಗ್ ಜಾಸ್ತಿಯಾಗುತ್ತಾ?

ತದ್ವಿರುದ್ಧ. ಎಥನಾಲ್‌ನ ಆಕ್ಟೇನ್ ಸುಮಾರು 108. ಅದು ಆವಿಯಾಗುವಾಗ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರಿಕೊಂಡು ಗಾಳಿಯನ್ನು ತಂಪು ಮಾಡುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು. ಶೇ. 20 ಎಥನಾಲ್ ಬೆರೆತ ಮೇಲೆ ಸಾದಾ ಪೆಟ್ರೋಲ್ 95 ಆರ್‌ಒಎನ್ ತಲುಪುತ್ತದೆ ಅಂತ ಸರ್ಕಾರ ಹೇಳುತ್ತದೆ. ನಾಕಿಂಗ್ ಒಂದನ್ನೇ ನೋಡಿದರೆ ಟರ್ಬೋ ಕಾರಿಗೆ ಇದು ಒಳ್ಳೆಯದೇ.

ತಕರಾರು ಇರುವುದು ಬೇರೆ ಕಡೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಆದ್ದರಿಂದ ಅದೇ ಕೆಲಸಕ್ಕೆ ಜಾಸ್ತಿ ಇಂಧನ ಬೇಕು. ರೀಮ್ಯಾಪ್ ಆದ ಕಾರಿನಲ್ಲಿ ಇಂಜೆಕ್ಟರ್, ಹೈ ಪ್ರೆಶರ್ ಪಂಪ್ ಮೊದಲೇ ಮಿತಿಯ ಹತ್ತಿರ ಇದ್ದರೆ, ಮೇಲಿನ ಆರ್‌ಪಿಎಂನಲ್ಲಿ ರೈಲ್ ಪ್ರೆಶರ್ ಕುಸಿದು ಮಿಶ್ರಣ ತೆಳುವಾಗುತ್ತದೆ, ಅಂದರೆ ಇಂಧನ ಕಮ್ಮಿ ಬೀಳುತ್ತದೆ. ಲಾಗ್‌ನಲ್ಲಿ ರೈಲ್ ಪ್ರೆಶರ್ ಸೇರಿಸಿ ಅಂದದ್ದು ಇದಕ್ಕೇ. ಇ20ಗೆ ಹೊಂದುವಂತೆ ಮಾಡದ ಹಳೇ ಕಾರುಗಳ ರಬ್ಬರ್ ಭಾಗಗಳ ಚಿಂತೆ ಇನ್ನೊಂದು.

ಮಳೆಗಾಲದಲ್ಲಿ ಕಾರು ತಿಂಗಳುಗಟ್ಟಲೆ ನಿಂತರೆ ಮಾತ್ರ ಎಚ್ಚರ. ಎಥನಾಲ್ ನೀರು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತವೆ. ಮೇಲೆ ಉಳಿದ ಪೆಟ್ರೋಲ್‌ನ ಆಕ್ಟೇನ್ ಬಿದ್ದುಹೋಗಿರುತ್ತದೆ.

ಆಕ್ಟೇನ್ ಬೂಸ್ಟರ್ ಬಾಟಲಿ ಕೆಲಸ ಮಾಡುತ್ತಾ?

ಬಾಟಲಿ ಮೇಲೆ "30 ಪಾಯಿಂಟ್ ಏರಿಕೆ" ಅಂತ ಇರುತ್ತದೆ. ಹತ್ತು ಪಾಯಿಂಟ್ ಅಂದರೆ ಒಂದು ಆಕ್ಟೇನ್. ಅಂದರೆ 91 ಇದ್ದದ್ದು 94 ಆಗುತ್ತದೆ, 121 ಅಲ್ಲ. ಬಂಕ್‌ನಲ್ಲೇ ಅದಕ್ಕಿಂತ ಅಗ್ಗವಾಗಿ 95 ಸಿಗುತ್ತದೆ. ಕೆಲವು ಬಾಟಲಿಗಳಲ್ಲಿ ಮ್ಯಾಂಗನೀಸ್ ಸಂಯುಕ್ತ ಇರುತ್ತದೆ, ಅದು ಪ್ಲಗ್ ಮೇಲೆ ಇಟ್ಟಿಗೆ ಬಣ್ಣದ ಪುಡಿ ಕೂರಿಸುತ್ತದೆ. ತುರ್ತಿಗೆ ಡಿಕ್ಕಿಯಲ್ಲಿ ಒಂದು ಇರಲಿ, ಅಷ್ಟೇ.

ವಿಮಾನದ ಪೆಟ್ರೋಲ್ ತರಿಸಿಕೊಡುತ್ತೇನೆ ಅನ್ನುವವರನ್ನು ನಂಬಬೇಡಿ. ಅದರ ಸಾಮಾನ್ಯ ದರ್ಜೆಯಲ್ಲಿ ಸೀಸ ಇದೆ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎರಡೂ ಸಾಯುತ್ತವೆ. ಸೀಸ ಬೆರೆಸಿ ನಾಕಿಂಗ್ ತಡೆಯುವ ಉಪಾಯವನ್ನು 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಗ್ಲಿ ಕಂಡುಹಿಡಿದ. ಅದರ ವಿಷವನ್ನು ಜಗತ್ತಿನ ರಸ್ತೆಗಳಿಂದ ತೊಳೆಯಲು ನೂರು ವರ್ಷ ಹಿಡಿಯಿತು. ಭಾರತದಲ್ಲಿ 2000ದಲ್ಲಿ ನಿಂತಿತು, ಕೊನೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ.

ಇಂಟರ್‌ಕೂಲರ್ ದೊಡ್ಡದು ಮಾಡಿಸಿದರೆ ನಿಜವಾಗಿ ಲಾಭ ಇದೆಯಾ?

ಇದೆ. ನನ್ನ ಪ್ರಕಾರ ರೀಮ್ಯಾಪ್‌ಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೇ.

ಲೆಕ್ಕ ನೋಡಿ. ಹೊರಗಿನ ಗಾಳಿ 30 ಡಿಗ್ರಿ. ಟರ್ಬೋ 1 ಬಾರ್ ಬೂಸ್ಟ್ ಕೊಡುತ್ತದೆ, ಅಂದರೆ ಗಾಳಿಯನ್ನು ಎರಡು ಪಟ್ಟು ಒತ್ತುತ್ತದೆ. ಏನೂ ನಷ್ಟ ಇಲ್ಲದ ಕಂಪ್ರೆಸರ್ ಆಗಿದ್ದರೂ ಗಾಳಿ ಸುಮಾರು 96 ಡಿಗ್ರಿಗೆ ಏರುತ್ತದೆ. ಶೇ. 70ರಷ್ಟು ದಕ್ಷತೆ ಇರುವ ನಿಜವಾದ ಟರ್ಬೋದಲ್ಲಿ ಅದು 125 ಡಿಗ್ರಿ. ಈ ಗಾಳಿಯನ್ನು ಮತ್ತೆ 45–50ಕ್ಕೆ ಇಳಿಸುವುದು ಇಂಟರ್‌ಕೂಲರ್. ಚಿಕ್ಕದಾದರೆ ಮೊದಲ ಎಳೆತಕ್ಕೆ ಸಾಲುತ್ತದೆ, ಮೂರನೆಯದಕ್ಕೆ ತಾನೇ ಕಾದು ಕೂತಿರುತ್ತದೆ. ಒಳಬರುವ ಗಾಳಿಯ ಬಿಸಿ ಏರಿದಷ್ಟೂ ಮೂಲೆಯ ಮಿಶ್ರಣ ಹೊತ್ತಿಕೊಳ್ಳಲು ಅಷ್ಟೇ ಹತ್ತಿರ.

ಈಗ ಬೆಂಗಳೂರಿನ ವಿಷಯ. ನಗರ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಗಾಳಿಯ ಒತ್ತಡ ಸುಮಾರು 0.9 ಬಾರ್. ಟರ್ಬೋ ಇಲ್ಲದ ಇಂಜಿನ್‌ಗೆ ಇದರಿಂದ ನಾಕಿಂಗ್ ಕಡಿಮೆ. ಟರ್ಬೋ ಕಾರಿನ ಇಸಿಯು ಹಾಗೆ ಬಿಡುವುದಿಲ್ಲ. ಮ್ಯಾನಿಫೋಲ್ಡ್‌ನಲ್ಲಿ ಅದೇ ಒತ್ತಡ ತರಬೇಕೆಂದು ಟರ್ಬೋವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ. ಹಾಗಾಗಿ ಗಾಳಿ ಇನ್ನೂ ಬಿಸಿ. ಊರು ತಂಪಾಗಿದೆ ಅನ್ನೋದರಿಂದ ಇದು ಸರಿದೂಗುತ್ತದೆ ಅನ್ನಿ. ಆದರೆ ಡಿಸೆಂಬರ್ ಬೆಳಿಗ್ಗೆ ಇಲ್ಲಿನ ಡೈನೋ ಮೇಲೆ ಬರೆದ ಮ್ಯಾಪ್ ಮೇ ತಿಂಗಳಲ್ಲಿ ಕಲಬುರಗಿಯ 42 ಡಿಗ್ರಿ ಬಿಸಿಲಿನಲ್ಲಿ ಹಾಗೇ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಗಾಳಿಯ ಬಿಸಿ ಏರಿದಾಗ ಟೈಮಿಂಗ್ ಎಷ್ಟು ಇಳಿಸಬೇಕು ಅನ್ನೋ ಟೇಬಲ್ ಫ್ಯಾಕ್ಟರಿ ಮ್ಯಾಪ್‌ನಲ್ಲಿ ಇರುತ್ತದೆ. ಅದನ್ನು ಅಳಿಸಿಲ್ಲ ತಾನೇ ಅಂತ ಟ್ಯೂನರ್ ಹತ್ತಿರ ಕೇಳಿ.

ಟೈಮಿಂಗ್ ಮತ್ತು ಬೂಸ್ಟ್, ಎರಡರಲ್ಲಿ ಯಾವುದನ್ನು ಇಳಿಸುವುದು ಒಳ್ಳೆಯದು?

ಟೈಮಿಂಗ್ ಹಿಂದಕ್ಕೆ ತಳ್ಳಿದರೆ ನಾಕಿಂಗ್ ತಕ್ಷಣ ನಿಲ್ಲುತ್ತದೆ. ಆದರೆ ತಡವಾಗಿ ಉರಿದ ಬೆಂಕಿ ಎಕ್ಸಾಸ್ಟ್‌ಗೆ ಹೋಗುತ್ತದೆ. ಟರ್ಬೈನ್, ವಾಲ್ವ್, ಕ್ಯಾಟಲಿಟಿಕ್ ಕನ್ವರ್ಟರ್ ಕಾಯುತ್ತವೆ. ಅನೇಕ ಪೆಟ್ರೋಲ್ ಟರ್ಬೋಗಳಿಗೆ 950 ಡಿಗ್ರಿ ಸುತ್ತಮುತ್ತ ಮಿತಿ. ಜಾಸ್ತಿ ಬೂಸ್ಟ್ ಕೊಟ್ಟು, ಅದು ನಾಕ್ ಆಗುತ್ತೆ ಅಂತ ಟೈಮಿಂಗ್ ಕಿತ್ತು ಹಾಕಿದ ಮ್ಯಾಪ್‌ಗಳು ಡೈನೋ ಹಾಳೆಯಲ್ಲಿ ಚೆನ್ನಾಗಿ ಕಾಣುತ್ತವೆ. ಸ್ವಲ್ಪ ಬೂಸ್ಟ್ ಇಳಿಸಿ, ಟೈಮಿಂಗ್ ಅನ್ನು ಅದು ಇರಬೇಕಾದ ಜಾಗಕ್ಕೆ ತಂದರೆ ಬಹಳ ಸಲ ಹೆಚ್ಚುಕಡಿಮೆ ಅದೇ ಶಕ್ತಿ ಸಿಗುತ್ತದೆ, ಎಕ್ಸಾಸ್ಟ್ ತಂಪಾಗಿರುತ್ತದೆ. ಸಿಲಿಂಡರ್ ಒತ್ತಡ ಅತಿ ಹೆಚ್ಚಾಗುವುದು ಪಿಸ್ಟನ್ ಮೇಲಿನ ತುದಿ ದಾಟಿದ ಮೇಲೆ ಕ್ರ್ಯಾಂಕ್ 12ರಿಂದ 16 ಡಿಗ್ರಿ ತಿರುಗಿದಾಗ ಆದರೆ ಚೆನ್ನ. ಅದರಾಚೆ ಟೈಮಿಂಗ್ ಏರಿಸಿದರೆ ಬರೀ ಅಪಾಯ, ಲಾಭ ಸೊನ್ನೆ.

ಮಿಶ್ರಣದ ಮಾತೂ ಇಲ್ಲೇ ಮುಗಿಸಿಬಿಡೋಣ. ಪೂರ್ತಿ ಬೂಸ್ಟ್‌ನಲ್ಲಿ ಲ್ಯಾಂಬ್ಡಾ ಸುಮಾರು 0.80–0.85 ಸುತ್ತ ಇಡುತ್ತಾರೆ. ಹೆಚ್ಚುವರಿ ಪೆಟ್ರೋಲ್ ಆವಿಯಾಗಿ ತಂಪು ಮಾಡುತ್ತದೆ. ಇನ್ನೂ ಜಾಸ್ತಿ ಸುರಿದರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಹೋಗುತ್ತದೆ.

ಪ್ಲಗ್ ಬದಲಾಯಿಸಬೇಕಾ?

ಸ್ಟಾಕ್ ಕಾರಿಗೆ ಬೇಡ, ಹೇಳಿದ ಕಿಲೋಮೀಟರ್‌ಗೆ ಸರಿಯಾಗಿ ಬದಲಾಯಿಸಿದರೆ ಸಾಕು. ರೀಮ್ಯಾಪ್ ಆದರೆ ಒಂದು ಹಂತ ತಣ್ಣಗಿನ ಪ್ಲಗ್ ಹಾಕಿಸುವುದು ವಾಡಿಕೆ. ತಣ್ಣಗಿನದು ಅಂದರೆ ತುದಿಯ ಬಿಸಿಯನ್ನು ಬೇಗ ಹೆಡ್‌ಗೆ ದಾಟಿಸುವಂಥದ್ದು. ಇಲ್ಲಿ ಎಡವಬೇಡಿ: ಎನ್‌ಜಿಕೆ, ಡೆನ್ಸೋ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ತಣ್ಣಗೆ, ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ.

ಬಿಚ್ಚಿದ ಪ್ಲಗ್ ಎಸೆಯಬೇಡಿ. ಭೂತಗನ್ನಡಿಯಲ್ಲಿ ಪಿಂಗಾಣಿ ನೋಡಿ. ಮೆಣಸಿನ ಪುಡಿ ಎರಚಿದ ಹಾಗೆ ಕಪ್ಪು ಚುಕ್ಕೆ ಅಥವಾ ಹೊಳೆಯುವ ಸಣ್ಣ ಕಣ ಇದ್ದರೆ, ಅದು ಪಿಸ್ಟನ್‌ನಿಂದ ಹಾರಿ ಬಂದ ಅಲ್ಯೂಮಿನಿಯಂ ಇರಬಹುದು. ಆ ಕಾರನ್ನು ಲಾಗ್ ಮಾಡುವವರೆಗೆ ಎಳೆಯಬೇಡಿ.

ಆಯಿಲ್ ಕ್ಯಾಚ್ ಕ್ಯಾನ್, ಕಾರ್ಬನ್ ಕ್ಲೀನಿಂಗ್ ಇವೆಲ್ಲ ಬೇಕಾ?

ಇಂಜಿನ್ ಉಸಿರಿನ ಜೊತೆ ಬರುವ ಆಯಿಲ್ ಆವಿ ಮತ್ತೆ ಇನ್‌ಟೇಕ್‌ಗೆ ಹೋಗುತ್ತದೆ. ಆಯಿಲ್‌ನ ಆಕ್ಟೇನ್ ತೀರಾ ಕಡಿಮೆ, ಹಾಗಾಗಿ ಅದು ನಾಕಿಂಗ್‌ಗೆ ದಾರಿ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೆ ಬೀಳದ ಕಾರಣ ಅಲ್ಲಿ ಕಾರ್ಬನ್ ಕೂರುತ್ತದೆ. ಜೋರಾಗಿ ಓಡಿಸುವ ಕಾರಿಗೆ ಕ್ಯಾಚ್ ಕ್ಯಾನ್ (ಆ ಆಯಿಲ್ ಆವಿಯನ್ನು ಹಿಡಿದಿಡುವ ಡಬ್ಬಿ) ಒಳ್ಳೆಯದು, ಆದರೆ ಆಗಾಗ ಖಾಲಿ ಮಾಡುವ ತಾಳ್ಮೆ ಇದ್ದರೆ ಮಾತ್ರ. ದಿನಾ ಆಫೀಸಿಗೆ ಹೋಗುವ ಕಾರಿಗೆ ಸುಮ್ನೆ ಖರ್ಚು.

ನೀರು–ಮೆಥನಾಲ್ ಇಂಜೆಕ್ಷನ್ ಹಾಕಿಸಲೇ?

ಕೆಲಸ ಚೆನ್ನಾಗಿ ಮಾಡುತ್ತದೆ. ನೀರು ಆವಿಯಾಗಲು ಹೀರುವ ಬಿಸಿ ಪೆಟ್ರೋಲ್‌ಗಿಂತ ಎಷ್ಟೋ ಪಟ್ಟು. ಎರಡನೇ ಮಹಾಯುದ್ಧದ ಯುದ್ಧವಿಮಾನಗಳೇ ಇದನ್ನು ಬಳಸಿದ್ದವು. ಕಾರಿನಲ್ಲಿ 1962ರಲ್ಲೇ ಬಂತು, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಮೂರೂವರೆ ಲೀಟರ್ ವಿ8, ಟರ್ಬೋ ಇದ್ದೂ 10.25 ಕಂಪ್ರೆಶನ್. ನಾಕಿಂಗ್ ತಡೆಯಲು "ಟರ್ಬೋ ರಾಕೆಟ್ ಫ್ಲೂಯಿಡ್" ಅನ್ನೋ ನೀರು–ಮೆಥನಾಲ್ ದ್ರವವನ್ನು ಸಿಂಪಡಿಸುತ್ತಿತ್ತು. ಜನ ಅದನ್ನು ತುಂಬಿಸುವುದನ್ನೇ ಮರೆತರು. ಎರಡೇ ವರ್ಷಕ್ಕೆ ಕಾರು ನಿಂತುಹೋಯಿತು. 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್‌ನಲ್ಲಿ ಬರೀ ನೀರು ಸಿಂಪಡಿಸಿ ಮೂರು ಲೀಟರ್ ಇಂಜಿನ್‌ನಿಂದ 500 ಪಿಎಸ್ ತೆಗೆದರು.

ಜೆಟ್‌ಫೈರ್ ಕತೆಯಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಟ್ಯಾಂಕ್ ಖಾಲಿಯಾದಾಗ, ನಳಿಕೆ ಕಟ್ಟಿಕೊಂಡಾಗ ಬೂಸ್ಟ್ ತಾನಾಗಿ ಇಳಿಯುವ ವ್ಯವಸ್ಥೆ ಇಲ್ಲದೆ ಹಾಕಿಸಬೇಡಿ. ಈಗಾಗಲೇ ಕ್ಷೇಮವಾಗಿರುವ ಮ್ಯಾಪ್‌ಗೆ ಅದು ಹೆಚ್ಚಿನ ರಕ್ಷಣೆ ಆಗಿರಲಿ. ಮೆಥನಾಲ್ ವಿಷ, ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಮನೆಯಲ್ಲಿ ಮಕ್ಕಳಿದ್ದರೆ ಕ್ಯಾನ್ ಎಲ್ಲಿಡುತ್ತೀರಿ ಅನ್ನೋದನ್ನೂ ಯೋಚಿಸಿ.

ಫೋರ್ಜ್ಡ್ (ಎರಕದ ಬದಲು ಬಡಿದು ಮಾಡಿದ, ಹೆಚ್ಚು ಗಟ್ಟಿ) ಪಿಸ್ಟನ್ ಹಾಕಿಸಿದರೆ ನಾಕಿಂಗ್ ಭಯ ಇಲ್ಲ ಅಲ್ವಾ?

ನಾಕಿಂಗ್ ಹಾಗೇ ಇರುತ್ತದೆ, ಮುರಿಯುವುದು ತಡವಾಗುತ್ತದೆ ಅಷ್ಟೇ. ಪಿಸ್ಟನ್ ತಡೆದುಕೊಂಡರೆ ಪೆಟ್ಟು ಗ್ಯಾಸ್ಕೆಟ್‌ಗೋ ಬೇರಿಂಗ್‌ಗೋ ಹೋಗುತ್ತದೆ.

ಟರ್ಬೋ ಇಲ್ಲದ ಕಾರಿಗೆ ಇದೆಲ್ಲ ಬರುವುದಿಲ್ಲವೇ?

ಕಂಪ್ರೆಶನ್ ಜಾಸ್ತಿ ಇದ್ದರೆ ಬರುತ್ತದೆ. ಮಜ್ದಾ ಕಂಪನಿ ಸ್ಕೈಆಕ್ಟಿವ್-ಜಿ ಇಂಜಿನ್‌ನಲ್ಲಿ 14ರ ಕಂಪ್ರೆಶನ್ ಇಟ್ಟಾಗ ಮಾಡಿದ ಉಪಾಯ ನೋಡುವಂಥದ್ದು. ಒಂದು ಸಿಲಿಂಡರ್‌ನ ಬಿಸಿ ಹೊಗೆ ಇನ್ನೊಂದಕ್ಕೆ ಹಿಂದೆ ನುಗ್ಗದಂತೆ ಉದ್ದನೆಯ 4-2-1 ಎಕ್ಸಾಸ್ಟ್ ಪೈಪ್ ಹಾಕಿದರು. ಒಳಗೆ ಉಳಿಯುವ ಬಿಸಿ ಹೊಗೆ ಕಡಿಮೆಯಾದರೆ ಹೊಸ ಮಿಶ್ರಣ ತಂಪಾಗಿರುತ್ತದೆ. ಎಕ್ಸಾಸ್ಟ್ ಕಟ್ಟಿಕೊಂಡ ಕಾರು ಯಾಕೆ ನಾಕ್ ಆಗುತ್ತದೆ ಅನ್ನೋದಕ್ಕೂ ಇದೇ ಕಾರಣ.

ಓಡಿಸುವ ರೀತಿಯಿಂದ ವ್ಯತ್ಯಾಸ ಆಗುತ್ತಾ?

ಬಹಳ. ಚಾರ್ಮಾಡಿಯೋ ಶಿರಾಡಿಯೋ ಹತ್ತುವಾಗ ನಾಲ್ಕನೇ ಗೇರ್‌ನಲ್ಲಿ 1500 ಆರ್‌ಪಿಎಂಗೆ ಬಿದ್ದಿದ್ದರೂ ಪೂರ್ತಿ ಒತ್ತುವುದು ಇಂಜಿನ್‌ಗೆ ಅತಿ ಕೆಟ್ಟದ್ದು. ನಿಧಾನ ತಿರುಗುವಾಗ ಮೂಲೆಯ ಮಿಶ್ರಣಕ್ಕೆ ಕಾಯುವ ಸಮಯ ಜಾಸ್ತಿ ಸಿಗುತ್ತದೆ. ಗೇರ್ ಇಳಿಸಿ, ಆಮೇಲೆ ಒತ್ತಿ. ಇಂಜಿನ್ ಜಾಸ್ತಿ ತಿರುಗಿದರೆ ಸವೆಯುತ್ತೆ ಅನ್ನೋ ಹೆದರಿಕೆ ಬೇಡ.

ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತು ಇಂಟರ್‌ಕೂಲರ್ ಕಾದಿರುವಾಗ ಸಿಗ್ನಲ್ ಬಿಟ್ಟ ತಕ್ಷಣ ಎಳೆಯಬೇಡಿ. ಒಂದೆರಡು ಕಿಲೋಮೀಟರ್ ಗಾಳಿ ಆಡಲಿ. ಕೂಲಂಟ್ ಮಟ್ಟ, ಥರ್ಮೋಸ್ಟಾಟ್, ರೇಡಿಯೇಟರ್ ಫ್ಯಾನ್ ಸರಿ ಇರಬೇಕು ಅಂತ ಬೇರೆ ಹೇಳಬೇಕಿಲ್ಲ.

ದಾರಿಯಲ್ಲೇ ಕಟಕಟ ಕೇಳಿತು. ಈಗ ಏನು ಮಾಡಲಿ?

ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗೇರ್ ಇಳಿಸಿ, ಹಗುರವಾಗಿ ಓಡಿಸಿ. ಹಿಂದಿನ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಅನುಮಾನ ಪೆಟ್ರೋಲ್ ಮೇಲೆ. ಸೀಮೆಎಣ್ಣೆ ಕಲಬೆರಕೆ ಆಕ್ಟೇನ್ ಅನ್ನು ನೆಲಕ್ಕೆ ಇಳಿಸುತ್ತದೆ. ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ, ಸಾಂದ್ರತೆ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬಹುದು. ಅವು ಕಲಬೆರಕೆ ತೋರಿಸಬಹುದು, ಆಕ್ಟೇನ್ ತೋರಿಸುವುದಿಲ್ಲ. ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ಬೇರೆ ಬಂಕ್‌ನಲ್ಲಿ ಸಿಗುವ ಅತಿ ಹೆಚ್ಚು ಆಕ್ಟೇನ್‌ನದ್ದು ತುಂಬಿಸಿ. ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ ನಿಲ್ಲಿಸಿ ಟೋ ಮಾಡಿಸಿ.

ಹಾನಿ ಆಗಿದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ?

ನೀಲಿ ಹೊಗೆ, ಇದ್ದಕ್ಕಿದ್ದಂತೆ ಆಯಿಲ್ ಕುಡಿಯುವುದು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತಾನಾಗಿ ಮೇಲೆದ್ದು ಬರುವುದು, ಐಡ್ಲಿಂಗ್‌ನಲ್ಲಿ ನಡುಗುವುದು ಇವು ರಿಂಗ್ ಲ್ಯಾಂಡ್ ಮುರಿದದ್ದರ ಲಕ್ಷಣ. ಮೊದಲು ಕಂಪ್ರೆಶನ್ ಟೆಸ್ಟ್ ಮಾಡಿಸಿ. ಅಂಕಿ ಎಷ್ಟು ಅನ್ನೋದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ನೋಡಿ. ಒಂದು ಕಡಿಮೆ ಇದ್ದರೆ ಲೀಕ್‌ಡೌನ್ ಟೆಸ್ಟ್. ಸಿಲಿಂಡರ್‌ಗೆ ಗಾಳಿ ತುಂಬಿದಾಗ ಆಯಿಲ್ ಮುಚ್ಚಳದಿಂದ ಸುಯ್ ಅಂದರೆ ರಿಂಗ್ ಅಥವಾ ಪಿಸ್ಟನ್, ಎಕ್ಸಾಸ್ಟ್‌ನಿಂದ ಬಂದರೆ ವಾಲ್ವ್, ಕೂಲಂಟ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಕೊನೆಗೆ ಪ್ಲಗ್ ತೂತಿನಿಂದ ಬೋರೋಸ್ಕೋಪ್ (ತೆಳು ಕ್ಯಾಮೆರಾ) ಇಳಿಸಿ ಪಿಸ್ಟನ್ ಅಂಚು ನೋಡಿಸಿ. ಮರಳು ಕಾಗದ ಉಜ್ಜಿದ ಹಾಗೆ ಅಂಚು ಒರಟಾಗಿದ್ದರೆ ಇಂಜಿನ್ ಬಿಚ್ಚದೆ ಬೇರೆ ದಾರಿ ಇಲ್ಲ. ಬಿಚ್ಚಿದ ಮೇಲೆ ಹಳೇ ಮ್ಯಾಪ್‌ನ್ನೇ ಮತ್ತೆ ಹಾಕಲು ಬಿಡಬೇಡಿ.